ಬಿಸಿಯಾದರೆ ನಿಲ್ಲುವ ಬೈಕು

ಹಳೆಯ ಬೈಕುಗಳ ರಿಪೇರಿಯಲ್ಲಿ ಕಿಡಿಯಪ್ಪನನ್ನು ಮೀರಿಸುವವರಿಲ್ಲ ಎಂದು ಊರೇ ಹೇಳುತ್ತಿತ್ತು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ, ಕಿಕ್ ಹೊಡೆದು ಕಿಡಿಯ ಬಣ್ಣ ನೋಡಿದನೆಂದರೆ ಮುಗಿಯಿತು, ಅವನ ಮಾತೇ ಕೊನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಮೂವತ್ತು ವರ್ಷದ ಬೈಕೇ ಅವಳ ಸವಾರಿ. "ಅಪ್ಪಾ, ಬಿಸಿಯಾದ್ಮೇಲೆ ಎರಡು ಸಲ ಆಫ್ ಆಯ್ತು. ಒಂದಷ್ಟು ದೂರ ಓಡಿಸಿ ನೋಡು" ಎಂದಿದ್ದಳು. ಅವನು ಓಡಿಸಲಿಲ್ಲ. ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದ ಬೈಕಿಗೇ ಬೆಳಿಗ್ಗೆ ಮೀಟರ್ ಹಿಡಿದ. ತಂತಿ, ಸುರುಳಿ ಎಲ್ಲ ಸರಿಯಾಗಿಯೇ ತೋರಿಸಿತು. ಹಾಗಾದರೆ ಮೀಟರಿಗೆ ಸಿಗದ, ಕಿಡಿ ಹಾರಿಸುವ ಕರಿ ಡಬ್ಬಿಯೇ ಹಳತಾಗಿದೆ ಎಂದು ತೀರ್ಮಾನಿಸಿ, ಬೇರೆ ಡಬ್ಬಿ ಹಾಕಿ, "ಸರಿಯಾಗಿದೆ, ಹೋಗು" ಎಂದು ಕಳಿಸಿಬಿಟ್ಟ.

ಅವಳು ಹೊರಟ ಮೇಲೆ, ಕಳಚಿಟ್ಟ ಡಬ್ಬಿಯನ್ನು ಅಂಗಡಿಯಲ್ಲಿದ್ದ ಅದೇ ಮಾದರಿಯ ಇನ್ನೊಂದು ಬೈಕಿಗೆ ಸುಮ್ಮನೆ ಸಿಕ್ಕಿಸಿದ. ಇಂಜಿನ್ ಓಡುತ್ತಿರುವಾಗಲೇ ಹೆಂಡತಿಯ ಹೇರ್ ಡ್ರೈಯರ್ ತಂದು ಡಬ್ಬಿಗೆ ಬಿಸಿಗಾಳಿ ಬಿಟ್ಟ. ಡಬ್ಬಿ ಕೈ ಸುಡುವಷ್ಟು ಕಾದರೂ ಇಂಜಿನ್ ಒಮ್ಮೆಯೂ ತಡವರಿಸಲಿಲ್ಲ.

ಅವನು ಡ್ರೈಯರ್ ಆರಿಸಿದ. ಡಬ್ಬಿ ಚೆನ್ನಾಗಿದೆಯೆಂದರೆ ಕೆಟ್ಟಿರುವುದು ಪಿಕಪ್ ಕಾಯಿಲ್. ಇಂಜಿನ್ನಿನ ಒಳಗೆ ಕೂತು, ಯಾವಾಗ ಕಿಡಿ ಹಾರಿಸಬೇಕೆಂದು ಡಬ್ಬಿಗೆ ಹೇಳುವ ಪುಟ್ಟ ಸುರುಳಿ ಅದು. ತಣ್ಣಗಿದ್ದಾಗ ಮಹಾ ಸಂಭಾವಿತ. ಬಿಸಿಯಾಯಿತೋ, ತಂತಿಯ ಬಿರುಕು ಅಗಲವಾಗಿ ಸಂಪರ್ಕವೇ ತಪ್ಪುತ್ತದೆ. ಅದಿನ್ನೂ ಮಗಳ ಬೈಕಿನಲ್ಲೇ ಇತ್ತು. ಬೈಕು ಚೆನ್ನಾಗಿ ಬಿಸಿಯಾಗುವ ಹೊತ್ತಿಗೆ ಆಸ್ಪತ್ರೆಯ ದಾರಿಯ ಉದ್ದ ಸೇತುವೆ ಬರುತ್ತದೆ. ಅಲ್ಲಿ ಬದಿಗೆ ಸರಿಯಲು ಗೇಣು ಜಾಗವಿಲ್ಲ, ಹಿಂದೆ ಬರುವುದೆಲ್ಲ ಲಾರಿಗಳು.

ಮಗಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ.

"ಏನಾಯ್ತ್ರೀ? ಮುಖ ಯಾಕೆ ಹೀಗಾಗಿದೆ?" ಎಂದಳು ಹೆಂಡತಿ.

ಅವನು ಸ್ಕೂಟರ್ ಹತ್ತಿ ಮಗಳು ಹೋದ ದಾರಿ ಹಿಡಿದ. ಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಸ್ಕೂಟರನ್ನು ಅಲ್ಲೇ ಬಿಟ್ಟು ಓಡಿದ.

ಲಾರಿಯೊಂದರ ಮುಂದಿನ ಚಕ್ರದಡಿ ಬೈಕು ನಜ್ಜುಗುಜ್ಜಾಗಿ ಬಿದ್ದಿತ್ತು. ಅವನು ಚಕ್ರದಡಿ ಬಗ್ಗಿ ನೋಡಿದ. ಆಮೇಲೆ ಸೇತುವೆಯ ಕಂಬಿಗೊರಗಿ ಕೂತಿದ್ದ ಮಗಳು ಕಂಡಳು. ಮೊಣಕೈ ತರಚಿತ್ತು. ಲಾರಿ ಡ್ರೈವರ್ ನೀರು ಕುಡಿಸುತ್ತಿದ್ದ.

"ನಿಂತ್ಹೋಯ್ತು ಅಪ್ಪಾ. ಬೈಕ್ ಬಿಟ್ಟು ಕಂಬಿ ಕಡೆ ಹಾರ್ದೆ."

ಭಯವೆಲ್ಲ ಸಿಟ್ಟಾಗಿ ಹೊರಬಂತು. "ಮೊದ್ಲೇ ನಿಂಗೆ ಅನುಮಾನ ಇತ್ತಲ್ಲ! ಯಾಕೆ ತಗೊಂಡ್ಬಂದೆ?"

ಮಗಳು ಅವನ ಮುಖವನ್ನೇ ನೋಡಿದಳು. "ನೀನು ಸರಿಯಾಗಿದೆ ಅಂದ್ಯಲ್ಲಪ್ಪಾ."

ಕಿಡಿಯಪ್ಪ ಅವಳ ಪಕ್ಕದಲ್ಲಿ ಕುಸಿದು ಕೂತ. ನಲವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಹೇಳದ ಮಾತನ್ನು ಮಗಳಿಗೆ ಹೇಳಿದ.

"ನಂಗೆ ಗೊತ್ತಿರ್ಲಿಲ್ಲ, ಮಗಳೇ."