ತೋಳಿನೊಳಗಿನ ತುಂಡು

ನ್ಯಾಮತಿಯ ಟೈಲರ್ ಅಂಜಿನಪ್ಪನ ಮನೆಯಲ್ಲಿ ಹುಡುಕಿದರೂ ಒಂದು ತುಂಡು ಬಟ್ಟೆ ಸಿಗುವುದಿಲ್ಲ ಎಂದರೆ ಪರಸ್ಥಳದವರು ನಂಬುತ್ತಿರಲಿಲ್ಲ. ಊರಿನವರು ನಂಬುತ್ತಿದ್ದರು, ಯಾಕೆಂದರೆ ಆ ತುಂಡುಗಳೆಲ್ಲ ಅವರವರ ಮನೆಯಲ್ಲೇ ಇದ್ದವು. ಅಂಜಿನಪ್ಪ ಜೀವಮಾನವಿಡೀ ಹೆಂಗಸರ ರವಿಕೆ ಹೊಲಿದವನು. ಕತ್ತರಿಸಿ ಉಳಿದದ್ದು ಅಂಗೈ ಅಗಲವಿರಲಿ, ಹೆಬ್ಬೆಟ್ಟಿನಷ್ಟಿರಲಿ, ಅದನ್ನು ಬೀಡಿ ಸುತ್ತಿದ ಹಾಗೆ ಸುತ್ತಿ, ಹೊಲಿದ ರವಿಕೆಯ ತೋಳಿನೊಳಗೆ ತುರುಕಿ ಕೊಡುತ್ತಿದ್ದ. ಹೊಸ ರವಿಕೆ ತೊಡುವವಳು ತೋಳಿಗೆ ಕೈ ತೂರಿಸಿದರೆ ಬೆರಳಿಗೆ ಮೊದಲು ಆ ಸುರುಳಿ ತಗುಲಬೇಕು. ತಗುಲಿದರೆ ಅದು ಅಂಜಿನಪ್ಪನ ಹೊಲಿಗೆ.

ಇದಕ್ಕೊಂದು ಕಾರಣವಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಹೊನ್ನಾಳಿಯಲ್ಲಿ ಒಬ್ಬ ಉಸ್ತಾದರ ಹತ್ತಿರ ಕಾಜಾ ಹಾಕಲು ಕೂತಿದ್ದ. ಒಳ್ಳೆಯ ಕೈ ಉಸ್ತಾದರದು. ಒಂದು ಹಬ್ಬಕ್ಕೆ ಅವರ ಪುಟ್ಟ ಮಗಳು ಹೊಸ ಫ್ರಾಕು ತೊಟ್ಟು ಹೊಳೆ ದಂಡೆಯ ಕಡೆ ಆಡಲು ಹೋದಳು. ಫ್ರಾಕಿನ ಅಂಚಿಗೆ ನೇರಳೆ ಬಣ್ಣದ ರೇಷ್ಮೆಯ ನಿರಿಗೆ ಇತ್ತು. ಎದುರಿಗೆ ಬಂದ ಒಬ್ಬಾಕೆ ಆ ನಿರಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಒಗೆಯುತ್ತಿದ್ದವರನ್ನೆಲ್ಲ ಕರೆದು ತೋರಿಸಿದಳು. ಇದು ನನ್ನ ಮದುವೆ ಸೀರೆಯ ಕಣ, ರವಿಕೆ ಹೊಲಿಯಲು ಇವಳಪ್ಪನ ಕೈಗೆ ಕೊಟ್ಟದ್ದು ಅಂದಳು. ಬೈಯಲಿಲ್ಲ, ಕೂಗಾಡಲಿಲ್ಲ. ಅಷ್ಟೇ ಸಾಕಾಯಿತು. ಆಮೇಲೆ ಅಂಗಡಿಗೆ ಬಂದ ಹೆಂಗಸರು ಉಸ್ತಾದರ ಎದುರಿಗೇ ಮೊಳ ಹಾಕಿ ಬಟ್ಟೆ ಅಳೆದು ಕೊಡಲು ಶುರುಮಾಡಿದರು. ಆ ಮನುಷ್ಯ ತಲೆ ಬಗ್ಗಿಸಿ ಕೂತದ್ದನ್ನು ಅಂಜಿನಪ್ಪ ಕಣ್ಣಾರೆ ಕಂಡ. ಅವತ್ತೇ ಅವನು ತುಂಡಿಗೆ ಆಸೆಪಡುವುದನ್ನು ಬಿಟ್ಟ.

ಅವನೇನೋ ಬಿಟ್ಟ. ಕಟ್ಟಿಕೊಂಡವಳು ಬಿಡಬೇಕಲ್ಲ.

ಭೀಮಕ್ಕ ಜಗಳೂರು ಸೀಮೆಯ ಸೊಕ್ಕೆಯವಳು. ಬಯಲು ನಾಡು, ಚಳಿಗಾಲದಲ್ಲಿ ಗಾಳಿ ಮೈಯೊಳಗೇ ಹೊಕ್ಕು ಬರುತ್ತದೆ. ಅವಳ ತವರಿನಲ್ಲಿ ಕೌದಿ ಇಲ್ಲದ ಮನೆಯಿರಲಿಲ್ಲ. ಅವಳ ಅವ್ವ ಸುಗ್ಗಿ ಮುಗಿದ ಮೇಲೆ ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಅಂಗಳದಲ್ಲಿ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಗೆ ಹಾಕುತ್ತಾ ಬರುತ್ತಿದ್ದಳು. ಆದರೆ ಅವರ ಕೌದಿಗಳ ಬಣ್ಣ ಎರಡೇ, ಮಣ್ಣು ಮತ್ತು ಬೂದಿ. ಮೇಲುಹಾಸಿನ ಪದರಕ್ಕೆ ಬಣ್ಣ ಬಣ್ಣದ ತುಂಡು ಜೋಡಿಸುವಷ್ಟು ಬಟ್ಟೆ ಯಾರಲ್ಲಿತ್ತು? ಹಾಗಾಗಿ ಭೀಮಕ್ಕನಿಗೆ ಟೈಲರ್ ಗಂಡು ಗೊತ್ತಾದಾಗ ಓರಗೆಯ ಹುಡುಗಿಯರು ಹೊಟ್ಟೆ ಉರಿದುಕೊಂಡರು. ನಿನ್ನ ಕೌದಿ ನವಿಲಿನ ಹಾಗಿರುತ್ತದೆ, ನಮಗೂ ಒಂದು ದಿನ ಹೊದಿಸು ಎಂದು ಕಿಚಾಯಿಸಿ ಕಳಿಸಿದರು.

ನವಿಲಿನ ಒಂದು ಗರಿಯೂ ಬರಲಿಲ್ಲ. ಮಗಳು ಪವಿತ್ರ ಗೊಂಬೆಗೆ ಲಂಗ ಮಾಡಲು ಬೊಗಸೆಯಷ್ಟು ಬಟ್ಟೆ ಕೇಳಿದಾಗ ಅಂಜಿನಪ್ಪ ತನ್ನ ಹೆಗಲ ಮೇಲಿನ ಟವೆಲನ್ನೇ ಹರಿದು ಕೊಟ್ಟ. ಸೊಕ್ಕೆಗೆ ಹೋದಾಗಲೆಲ್ಲ ಗೆಳತಿಯರು ಕೌದಿಯ ಸುದ್ದಿ ತೆಗೆದರೆ ಭೀಮಕ್ಕ ಮಳೆಯ ಸುದ್ದಿ ತೆಗೆಯುತ್ತಿದ್ದಳು. ಅಂಗಡಿಗೆ ಬುತ್ತಿ ಕೊಂಡೊಯ್ದು ಗಂಡ ಉಣ್ಣುವಷ್ಟು ಹೊತ್ತು ಅವಳು ಮೆಷಿನ್ನಿನ ಕೆಳಗೆ ನೋಡುತ್ತಾ ಕೂರುವಳು. ಟೂ ಬೈ ಟೂ ಬಟ್ಟೆಯ ಗಿಳಿಹಸಿರು, ಗುಳೇದಗುಡ್ಡ ಕಣದ ಕೆಂಪು, ಬುಗ್ಗೆ ತೋಳಿನ ಕಾಲ ಬಂದಾಗ ದೊಡ್ಡ ದೊಡ್ಡ ಹೂವು, ಆಮೇಲೆ ಕನ್ನಡಿ ಹಚ್ಚಿದ್ದು, ಜರಿಯದು. ಊರಿನ ಹೆಂಗಸರು ಯಾವ ಕಾಲದಲ್ಲಿ ಏನು ತೊಟ್ಟರು ಎಂಬುದು ಅವಳ ಕಾಲಬುಡದಲ್ಲೇ ಬಿದ್ದು, ಸಂಜೆಗೆ ಸುರುಳಿಯಾಗಿ ಎದ್ದು ಹೋಗುತ್ತಿತ್ತು.

ಹೋದ ವರ್ಷ ಅಂಜಿನಪ್ಪನ ಕಣ್ಣು ಮಂಜಾದವು. ಆಪರೇಷನ್ ಆಯಿತು, ಅರ್ಧ ಬೆಳಕು ಬಂತು. ಅಷ್ಟರಲ್ಲಿ ಕೈ ನಡುಗಲು ಹತ್ತಿತು. ಅಂಗಡಿ ಬಿಟ್ಟುಕೊಟ್ಟು ಮೆಷಿನ್ನನ್ನು ಮನೆಗೆ ತಂದು, ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿ, ಮೇಲೊಂದು ದುಪ್ಪಟಿ ಹೊದಿಸಿದರು. ಆ ದುಪ್ಪಟಿಯನ್ನು ಕಂಡಾಗಲೆಲ್ಲ ಭೀಮಕ್ಕನಿಗೆ ತನ್ನ ಆಸೆ ಮತ್ತೆ ಚುಚ್ಚುತ್ತಿತ್ತು. ಇನ್ನು ಅಂಗಡಿಯಿಲ್ಲ, ಗಿರಾಕಿಯಿಲ್ಲ. ಈಗಲೂ ಒಂದು ಕೌದಿ ಹೊದೆಯದಿದ್ದರೆ ಮತ್ತೆ ಯಾವಾಗ ಎಂದುಕೊಂಡು, ಒಂದು ಬೆಳಿಗ್ಗೆ ಗಂಡನಿಗೆ ಹೇಳದೆ ಚೀಲ ಹಿಡಿದು ಹೊರಟಳು.

ಮೊದಲು ಹೋದದ್ದು ಶಿವಗಂಗಮ್ಮನ ಮನೆಗೆ. ಆಕೆ ಅಡಿಕೆ ವ್ಯಾಪಾರದವರ ಮನೆಯ ಹಿರಿಯಳು, ಮದುವೆಯಾಗಿ ಬಂದಾಗಿನಿಂದ ಅಂಜಿನಪ್ಪನ ಗಿರಾಕಿ. ಭೀಮಕ್ಕ ಸೆರಗಿನ ತುದಿ ತಿರುಚುತ್ತಾ ಬಂದ ಕಾರಣ ಹೇಳಿದಳು. ಶಿವಗಂಗಮ್ಮ ಬಾಯಿಗೆ ಸೆರಗು ಮುಚ್ಚಿ ನಕ್ಕಳು.

"ಅಲ್ಲ ಭೀಮಕ್ಕ, ಟೈಲರ್ ಹೆಂಡ್ತಿ ನಮ್ಮನಿಗೆ ತುಂಡು ಬಟ್ಟೆ ಕೇಳಾಕೆ ಬಂದೀಯಲ್ಲ, ಗಾಣದೋರು ಒಗ್ಗರಣೆಗೆ ಎಣ್ಣೆ ಕಡ ಕೇಳಿದಂಗಾತು."

"ನಗ್ರಿ ಗಂಗಮ್ಮಾರೆ, ನಗ್ರಿ. ನಿಮ್ಮ ಟ್ರಂಕಿನಾಗೆ ಇರಾದೆಲ್ಲ ನನ್ನ ಸವತೀರು."

ಟ್ರಂಕು ತೆಗೆದರೆ ಒಂದು ದಿಂಬಿನ ಚೀಲದ ತುಂಬ ಸುರುಳಿಗಳು. ರವಿಕೆಯ ಕಂಕುಳು ಹರಿದಾಗ ಹಚ್ಚಲು ಬೇಕಾಗುತ್ತದೆ ಎಂದು ಎತ್ತಿಟ್ಟದ್ದು. ರವಿಕೆಗಳು ಎಂದೋ ಹರಿದು ಹೋಗಿದ್ದವು, ತುಂಡುಗಳು ಹೊಸದರ ಹಾಗೇ ಇದ್ದವು. ಶಿವಗಂಗಮ್ಮ ಚೀಲವನ್ನೇ ಎತ್ತಿ ಕೊಟ್ಟಳು. ಸುದ್ದಿ ಓಣಿಗೆ ಹಬ್ಬಲು ಎಷ್ಟು ಹೊತ್ತು? ಸಂಜೆಗೆ ಭೀಮಕ್ಕ ಎರಡು ಚೀಲ ಹೊತ್ತು ಮನೆಗೆ ಬಂದಳು.

ಅಂಜಿನಪ್ಪ ಚೀಲಕ್ಕೆ ಕೈ ಹಾಕಿ ಒಂದು ಸುರುಳಿ ಮುಟ್ಟಿದ. ಮುಟ್ಟಿದವನೇ ಬಿಸಿ ತಗುಲಿದಂತೆ ಕೈ ತೆಗೆದ. ಎಲ್ಲಿಂದ ಬಂತು ಎಂದು ಕೇಳಿದ. ಭೀಮಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ವಾಪಸು ಕೊಟ್ಟು ಬಾ ಅಂದ. ಅವಳು ಬೇಡಿದಳು, ಮುನಿದಳು. ಅವನ ದನಿ ಏರಲಿಲ್ಲ.

"ಹೊಲಿದ ಮ್ಯಾಲೆ ಬಿಸಿಲಿಗೆ ಹಾಕ್ತೀಯ. ಹೊನ್ನಾಳಿ ಬಸ್ಸು ಇಳಿದೋರು ಇದೇ ದಾರೀಲಿ ಹೋಗ್ತಾರೆ. ನೋಡ್ದೋರು ಏನಂತಾರೆ? ಟೈಲರ್ ಇಷ್ಟು ವರ್ಷ ಕದ್ದು ಮುಚ್ಚಿಟ್ಟಿದ್ದ, ಈಗ ಅಂಗಡಿ ಮುಚ್ಚಿದ ಮ್ಯಾಲೆ ತೆಗೆದ ಅಂತಾರೆ. ಅವರಾಗೇ ಕೊಟ್ರು ಅಂತ ನಾನು ಎಷ್ಟು ಮಂದಿಗೆ ಹೇಳ್ಕೋಂತ ಕುಂದರ್ಲಿ?"

ಅವನ ಮಾತು ನಿಜವಿತ್ತು. ಕೌದಿ ಎಂಬುದು ಮುಚ್ಚಿಡುವ ವಸ್ತುವಲ್ಲ. ಅದು ಬಿಸಿಲು ಕಾಣಲೇಬೇಕು. ಈ ಮನುಷ್ಯ ಗಳಿಸಿದ್ದು ಒಂದೇ, ಆ ಹೆಸರು. ತನ್ನ ಒಂದು ಹೊದಿಕೆಯ ಆಸೆಗೆ ಅದು ಹೋಗುವುದಾದರೆ ಹೊದ್ದರೂ ಬೆಚ್ಚಗಾಗುವುದಿಲ್ಲ. ಅವಳು ಚೀಲಗಳ ಬಾಯಿ ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಮರುದಿನ ವಾಪಸು ಕೊಡುವುದು ಎಂದಾಯಿತು.

ಮರುದಿನ ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಮರುಳಸಿದ್ದಪ್ಪ ಬಂದ. ಊರ ಹೊರಗೆ ಗದ್ದೆ ಮಾಡಿಕೊಂಡಿರುವ ರೈತ, ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಜೇಬಿನಿಂದ ಒಂದೇ ಒಂದು ಸುರುಳಿ ತೆಗೆದ. ಹೆಂಡತಿಯ ಕಪಾಟಿನಲ್ಲಿ ಸಿಕ್ಕಿತಂತೆ. ಎಲ್ಲರೂ ಕೊಡುತ್ತಿದ್ದಾರೆ ಅಂತ ಕೇಳಿ ತಂದೆ ಅಂದ. ಭೀಮಕ್ಕ, ಕೌದಿ ಹೊಲಿಯುತ್ತಿಲ್ಲ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಜಿನಪ್ಪ ಕೈ ಚಾಚಿ ಸುರುಳಿ ಇಸಿದುಕೊಂಡಿದ್ದ. ಬಿಚ್ಚಿ ಹೆಬ್ಬೆರಳಲ್ಲಿ ಸವರಿದ.

"ಗೌಡ್ರೆ, ಇದು ನಿಮ್ಮ ದೊಡ್ಡ ಮಗಳ ಮದ್ವೆಗೆ ಹೊಲಿಸಿದ್ದು. ಅಮ್ಮಾರು ತೋಳು ಮೊಣಕೈ ತಂಕ ಬಿಡು ಅಂದಿದ್ರು. ಅದಕ್ಕೇ ತುಂಡು ಇಷ್ಟೇ ಉಳೀತು."

ಮರುಳಸಿದ್ದಪ್ಪ ತುಂಡಿನ ಕಡೆ ಬಾಗಿದ. ಅವಳ ಮೊಣಕೈಯಿಂದ ಮೇಲಕ್ಕೆ ಎಣ್ಣೆ ಸಿಡಿದ ಕಲೆಯಿತ್ತು, ಮಂದಿಯ ಮುಂದೆ ಕಾಣಬಾರದು ಅನ್ನುತ್ತಿದ್ದಳು ಅಂದ. ಹೌದು, ನನಗೂ ಹೇಳಿದ್ದರು ಅಂದ ಅಂಜಿನಪ್ಪ.

"ಇದನ್ನ ನಾನು ಇಟ್ಕಂಡು ಏನ್ ಮಾಡ್ಲಿ ಅಂಜಿನಪ್ಪ. ನಾನು ಹೋದ್ ಮ್ಯಾಲೆ ಸೊಸೇರು ಒಲೆ ಒರೆಸ್ತಾರೆ. ನಿನ್ನ ಕೌದ್ಯಾಗೆ ಇದ್ರೆ ಮಂದಿ ಜೊತಿಗೆ ಇರತೈತೆ."

ಅಂಜಿನಪ್ಪ ಆ ತುಂಡನ್ನು ವಾಪಸು ಕೊಡಲಿಲ್ಲ. ಹೆಂಡತಿಗೆ ಚೀಲಗಳನ್ನು ಹೊರಗೆ ತರಲು ಹೇಳಿದ. ಒಳಗೆ ಬೇಡ, ಇಲ್ಲೇ ಕಟ್ಟೆಯ ಮೇಲೆ, ಹಗಲಿನಲ್ಲಿ, ಕೊಟ್ಟವರು ಬಂದು ತಮ್ಮ ತುಂಡನ್ನು ತಾವೇ ಇಟ್ಟು ಹೋಗಲಿ ಅಂದ. ಅದೊಂದೇ ಅವನ ಷರತ್ತು.

ಹೆಂಗಸರು ಬಂದರು. ಬಂದವರು ಇಟ್ಟು ಹೋದರೆ ತಾನೆ? ಒಬ್ಬೊಬ್ಬಳು ಒಂದೊಂದು ಸುರುಳಿ ಬಿಚ್ಚುವಳು, ಇದು ನನ್ನ ತಂಗಿಯ ಸೀಮಂತದ್ದು, ಇದು ನಮ್ಮತ್ತೆ ಬೇಡ ಬೇಡ ಅಂದರೂ ತಂದದ್ದು ಎಂದು ಶುರುಮಾಡುವಳು. ಶಿವಗಂಗಮ್ಮ ತನ್ನ ಬುಗ್ಗೆ ತೋಳಿನ ಹೂವನ್ನು ನಡುವೆಯೇ ಇಡಬೇಕೆಂದು ಹಟ ಹಿಡಿದಳು. ಅಂಜಿನಪ್ಪ ಟೈಲರ್ ಬುದ್ಧಿಯವನು, ಕೆಂಪಿನ ಪಕ್ಕಕ್ಕೆ ಕೆಂಪು, ಹಸಿರಿನ ಪಕ್ಕಕ್ಕೆ ಹಸಿರು ಎಂದು ವರಸೆ ಹಿಡಿದ. ಭೀಮಕ್ಕ ಬಿಡಲಿಲ್ಲ. ಕೌದಿಯ ವಿಷಯದಲ್ಲಿ ಸೊಕ್ಕೆಯವರ ಮಾತು ಕೇಳಬೇಕು, ಹೊಲದಲ್ಲಿ ಒಂದು ಬೆಳೆಯ ನಡುವೆ ಇನ್ನೊಂದರ ಅಕ್ಕಡಿ ಸಾಲು ಹಾಕಿದ ಹಾಗೆ ಕಪ್ಪಿನ ಪಕ್ಕ ಬಿಳಿ ಬರಬೇಕು ಎಂದಳು. ಮದುವೆಯಾದಾಗಿನಿಂದ ಬಟ್ಟೆಯ ವಿಷಯದಲ್ಲಿ ಅವನು ಅವಳಿಗೆ ಸೋತದ್ದು ಅವತ್ತೇ.

ಮೆಷಿನ್ನಿನ ದುಪ್ಪಟಿ ಸರಿಯಿತು. ಭೀಮಕ್ಕ ಸೂಜಿಗೆ ದಾರ ಪೋಣಿಸಿ ಕೊಡುವಳು, ಅವನು ಕಣ್ಣಿಗಿಂತ ಹೆಚ್ಚಾಗಿ ಬೆರಳನ್ನು ನಂಬಿ ತುಂಡಿಗೆ ತುಂಡು ಕೂಡಿಸುವನು. ಗೆರೆ ಸೊಟ್ಟಗಾಗುತ್ತಿತ್ತು. ಒಂದೆರಡು ಕಡೆ ಬಿಚ್ಚಿ ಮತ್ತೆ ಹೊಲಿದ, ಮತ್ತೆ ಸೊಟ್ಟಗಾಯಿತು. ಅವನ ಮುಖ ಸಣ್ಣಗಾದದ್ದನ್ನು ಕಂಡು ಭೀಮಕ್ಕ, ಇದನ್ನು ತೊಟ್ಟುಕೊಂಡು ಯಾರೂ ಮದುವೆಗೆ ಹೋಗುವುದಿಲ್ಲ ಬಿಡ್ರಿ ಅಂದಳು. ಅವನು ನಕ್ಕ. ಮೇಲುಹಾಸು ಮುಗಿದ ಮೇಲೆ ಅವಳ ಪಾಳಿ. ಅಡಿಗೆ ತನ್ನ ಹಳೆಯ ಕಂದು ಸೀರೆ ಹಾಸಿ, ನಡುವೆ ಅವನ ಹಳೆಯ ಪಂಚೆಗಳ ಪದರ ಇಟ್ಟು, ಅವ್ವನ ಹಾಗೆ ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬಂದಳು. ಅಳ್ಳಿಟ್ಟಿಗೆ ಜೋಳ ಹುರಿದ ವಾಸನೆ, ಅವ್ವನ ಮೊಣಕಾಲಿನ ಸದ್ದು, ತಂಗಿಯರು ಹಾಸಿದ ಸೀರೆಯ ಮೇಲೆ ಉರುಳಾಡಿ ಏಟು ತಿಂದದ್ದು, ಒಂದೊಂದು ಸುತ್ತಿಗೂ ಒಂದೊಂದು ನೆನಪಾಗಿ ಬಂತು.

ಕೌದಿ ಮುಗಿಯಿತು. ಅದನ್ನು ಮೊದಲ ಸಲ ಬಿಸಿಲಿಗೆ ಹಾಕುವ ದಿನ ಭೀಮಕ್ಕನ ಎದೆಯಲ್ಲಿ ಹಳೆಯ ಅಳುಕು ಎದ್ದಿತು. ತುಂಡು ಇಟ್ಟವರಿಗೆ ಗೊತ್ತು, ಇಡದವರಿಗೆ? ಅವಳು ಕಟ್ಟೆಯ ಮೇಲಿನ ತಂತಿಗೆ ಕೌದಿಯನ್ನು ಮಗುಚಿ ಹಾಕಿದಳು. ಬಣ್ಣವೆಲ್ಲ ಗೋಡೆಯ ಕಡೆ, ಬರೀ ಕಂದು ಸೀರೆ ರಸ್ತೆಯ ಕಡೆ. ಅಂಜಿನಪ್ಪ ಹೊರಗೆ ಬಂದ. ತಂತಿಯ ಹತ್ತಿರ ಹೋಗಿ ಬಟ್ಟೆ ಮುಟ್ಟಿ ನೋಡಿದ. ನಡುಗುವ ಕೈಯಲ್ಲೇ ಕೌದಿ ಎಳೆದು, ಕಷ್ಟಪಟ್ಟು ತಿರುಗಿಸಿ, ತುಂಡುಗಳು ರಸ್ತೆಗೆ ಕಾಣುವಂತೆ ಹಾಕಿ, ಪಕ್ಕದಲ್ಲಿ ನಿಂತ.

ಹೊನ್ನಾಳಿ ಬಸ್ಸು ಬಂದು ಹೋಯಿತು. ಇಳಿದವರಲ್ಲಿ ಒಬ್ಬಳು ಕಟ್ಟೆಯ ಎದುರು ನಿಂತಳು. ಬಹಳ ಹಿಂದೆ ಈ ಊರಿನ ಸೊಸೆಯಾಗಿದ್ದು, ಆಮೇಲೆ ಹೊನ್ನಾಳಿ ಸೇರಿದ ದುರುಗಮ್ಮ. ಕೌದಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರಿ ಟೈಲ್ರೆ, ಊರೋರ ಬಟ್ಟೆಯೆಲ್ಲ ನಿಮ್ಮನ್ಯಾಗೇ ಐತಲ್ಲ?"

ಹೊಸಿಲಲ್ಲಿ ನಿಂತಿದ್ದ ಭೀಮಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಐತವ್ವ," ಅಂದ ಅಂಜಿನಪ್ಪ. "ಎಲ್ರೂ ತಂದು ಕೊಟ್ರು. ನಿಂದಂತೂ ಇರಂಗಿಲ್ಲ, ನಿಂದೆಲ್ಲ ನಿನ್ನ ತೋಳಿನಾಗೇ ಇಟ್ಟು ಕಳಿಸೀನಿ. ಬೇಕಾದ್ರೆ ಹುಡುಕು ಬಾ."

ದುರುಗಮ್ಮ ಬುಟ್ಟಿ ಇಳಿಸಿ, ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದಳು. ಮುಖವನ್ನು ಬಟ್ಟೆಯ ಹತ್ತಿರ ತಂದು, ಒಂದೊಂದೇ ತುಂಡಿನ ಮೇಲೆ ಬೆರಳಾಡಿಸುತ್ತಾ ಹೋದಳು. ಇದು ಗಂಗಮ್ಮಂದಲ್ಲವಾ ಎಂದು ಕೇಳಿದಳು. ಅಂಜಿನಪ್ಪ ಹೌದು ಎಂದು, ಅವಳಿಗೆ ಬೆಳಕು ಬೀಳಲೆಂದು ಸ್ವಲ್ಪ ಸರಿದು ನಿಂತ. ಭೀಮಕ್ಕ ಅವರಿಬ್ಬರಿಗೂ ಟೀ ಇಡಲು ಒಳಗೆ ಹೋದಳು.