ಗೇಟಿನ ಹೊರಗಿಡಬೇಕಾದ ಹಲಸಿನ ಸಿಪ್ಪೆ

ಎಸ್ಟೇಟು ಬಿಟ್ಟು ಪೇಟೆಯ ಬಾಳಗಡಿಗೆ ಬಂದ ಮರುದಿನ ಬೆಳಿಗ್ಗೆ ಮೈಕಿನ ಗಾಡಿ ಬಂತು. ಏನು ಹೇಳುತ್ತಿದ್ದಾರೆಂದು ಕೇಳುವ ಮೊದಲೇ ನಾನು ಚಿಲಕ ಹಾಕಿ, ಮಗಳ ಕೈ ಹಿಡಿದು ಒಳಗೆಳೆದೆ.

"ಅಮ್ಮ, ಅದು ಕಸದ ಗಾಡಿ. ಆನೆದಲ್ಲ. ಕೈ ಬಿಡು," ಎಂದಳು ಸುಮಿತ್ರಾ.

ಬಿಟ್ಟೆ. ಚಿಲಕ ಮಾತ್ರ ತೆಗೆಯಲಿಲ್ಲ. ಬಸರೀಕಟ್ಟೆ ಕಡೆಯ ಎಸ್ಟೇಟಿನಲ್ಲಿ ಮೈಕಿನ ಗಾಡಿ ಬಂತೆಂದರೆ ಆನೆ ಹತ್ತಿರದಲ್ಲಿದೆ, ಹೊರಗೆ ಬರಬೇಡಿ ಎಂದೇ ಅರ್ಥ. ಕಳೆದ ಮಳೆಗಾಲದಲ್ಲಿ ನಮ್ಮ ಲೈನಿನ, ಅಂದರೆ ಕೂಲಿಯವರ ಸಾಲುಮನೆಯ ಕಮಲಾ ಹಲಸಿನ ಸಿಪ್ಪೆ ಎಸೆಯಲು ಹಿತ್ತಲಿಗೆ ಹೋದವಳು ಒಳಗೆ ಬರಲಿಲ್ಲ. ಹಿಂದಿನ ದಿನದ ಸಿಪ್ಪೆಗೆ ಬಂದ ಆನೆ ಅಲ್ಲಿ ನಿಂತಿತ್ತು. ಅದಾದ ಮೇಲೆ ಸುಮಿತ್ರಾ ಇಲ್ಲಿನ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದಳು. ಜಲಜಮ್ಮ ಎನ್ನುವವರ ಮನೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಇದು ತಪ್ಪಿದರೆ ಮತ್ತೆ ಆ ಲೈನೇ ಗತಿ.

ಇಲ್ಲಿ ಕಸಕ್ಕೂ ಜಾತಿ ಇದೆ. ಕೊಳೆಯುವುದು ಹಸಿ ಕಸ, ಅದು ಹಸಿರು ಬಕೀಟಿಗೆ. ಕವರು, ಬಾಟಲಿ, ಕಾಗದ ಒಣ ಕಸ, ಅದು ಚೀಲಕ್ಕೆ. ಹಾಲಿನ ಕವರನ್ನು ಊಟದ ತಟ್ಟೆಯ ಹಾಗೆ ತೊಳೆದು ಒಣಗಿಸಬೇಕು. ಲೈನಿನಲ್ಲಿ ಅನ್ನ ಕೋಳಿಗೆ, ಬೂದಿ ಗಿಡಕ್ಕೆ, ಉಳಿದದ್ದು ಬೆಂಕಿಗೆ. ಇಲ್ಲಿ ಕಸಕ್ಕೆ ಬೆಂಕಿ ಹಚ್ಚುವಂತಿಲ್ಲ. ಅಲ್ಲಿಂದ ತಂದ ಹಾಸಿಗೆ ಬೂಸ್ಟು ಹಿಡಿಯಿತು, ಗಾಡಿಯವಳು ಮುಟ್ಟಲಿಲ್ಲ. ದೊಡ್ಡ ಸಾಮಾನಿಗೆ ಮೊದಲೇ ಫೋನು ಮಾಡಿ ಹೇಳಬೇಕಂತೆ, ಅದಕ್ಕೆ ಬೇರೆ ಗಾಡಿ ಬರುತ್ತದಂತೆ. ಹಾಸಿಗೆ ಎಸೆಯಲು ಅಪ್ಪಣೆ ಕೇಳಿದ್ದು ಜನ್ಮದಲ್ಲಿ ಇದೇ ಮೊದಲು.

ಎಲ್ಲ ಕಲಿತೆ. ಒಂದು ಮಾತ್ರ ಆಗಲಿಲ್ಲ. ಗಾಡಿ ನಿಂತು ಕಾಯುವುದಿಲ್ಲ. ಬೆಳಕು ಹರಿಯುವಾಗಲೇ ಹಸಿ ಕಸ ಗೇಟಿನ ಹೊರಗಿರಬೇಕು. ಜಲಜಮ್ಮ ಅರ್ಧ ಹಲಸಿನಹಣ್ಣು ಕೊಟ್ಟರು, ತಿಂದೆವು. ಸಿಪ್ಪೆ ಹೊರಗಿಡಲು ಕೈ ಬರಲಿಲ್ಲ. ಕಮಲಾ ಹೋದ ಮೇಲೆ ಲೈನಿನಲ್ಲಿ ಸಿಪ್ಪೆಯನ್ನು ಗುಂಡಿಗೆ ಹಾಕಿ, ಬೂದಿ ಸುರಿದು ಮುಚ್ಚುತ್ತಿದ್ದೆವು. ಇಲ್ಲಿ ತೋಡಲು ಮಣ್ಣೆಲ್ಲಿದೆ, ಎಲ್ಲ ಸಿಮೆಂಟು. ಗೋಣಿಗೆ ತುಂಬಿ, ಬಚ್ಚಲೊಲೆಯ ಬೂದಿ ಹಾಕಿ ಮಂಚದಡಿಗೆ ತಳ್ಳಿದೆ. ಮಗಳು ವಾಸನೆ ಎಂದಾಗ ಇಲಿ ಸತ್ತಿರಬೇಕು ಎಂದೆ.

ಕೊನೆಗೆ ಜಲಜಮ್ಮನೇ ಮೂಗು ಮುಚ್ಚಿಕೊಂಡು ಬಂದು ಗೋಣಿ ಎಳೆದರು.

"ಎಂತ ಗಿರಿಜಮ್ಮ ಇದು? ಹಣ್ಣು ಕೊಟ್ಟದ್ದು ತಿನ್ಲಿಕ್ಕೆ, ಮಂಚದಡಿ ಹೂಳ್ಲಿಕ್ಕಲ್ಲ. ಪಕ್ಕದ ಮನೆಯವ್ರು ಬೈತಿದ್ದಾರೆ. ಇನ್ನೊಂದ್ಸಲ ಹೀಗಾದ್ರೆ ಕೋಣೆ ಖಾಲಿ ಮಾಡಿ."

"ಹೊರಗಿಟ್ರೆ ಆನೆ ಬರ್ತದೆ."

ಅವರು ನಕ್ಕರು. "ಪೇಟೆಗೆ ಆನೆ ಎಂತಕ್ಕೆ ಬರ್ತದೆ ಮಾರಾಯ್ತಿ? ಕಾಲೇಜು ಸೇರ್ಲಿಕ್ಕಾ?"

"ನಮ್ಮ ಲೈನಿಗೂ ಬರ್ತಿರ್ಲಿಲ್ಲ. ಬಂತು."

ನಗು ನಿಂತಿತು. ಮಾತು ಬದಲಾಗಲಿಲ್ಲ. "ನಾಳೆ ಬೆಳಿಗ್ಗೆ ಗೇಟಿನ ಹೊರಗಿಡಿ. ಅಷ್ಟೇ."

ತಾನು ಇಡುತ್ತೇನೆ ಎಂದಳು ಮಗಳು. ಅವಳನ್ನು ಕಳಿಸುವುದುಂಟೇ? ನಾನೇ ಹೋದೆ. ಬಕೀಟಿನ ಜೊತೆ ಸ್ಟೀಲಿನ ತಟ್ಟೆ, ಸೌಟು ಒಯ್ದೆ. ಲೈನಿನಲ್ಲಿ ಆನೆ ಓಡಿಸಲು ತಟ್ಟೆ ಬಡಿಯುತ್ತಿದ್ದೆವು. ಮಂಜು ಕವಿದಿತ್ತು. ಬೀದಿಯ ಕೊನೆಯಲ್ಲಿ ಕಪ್ಪಗೆ, ಎತ್ತರಕ್ಕೆ ಏನೋ ನಿಂತಿತ್ತು. ಸೌಟು ಎತ್ತಿದ ಕೈ ಹಾಗೇ ಉಳಿಯಿತು. ಬೆಳಕು ಬಂದಾಗ ನೋಡಿದರೆ ಟಾರ್ಪಾಲು ಹೊದೆಸಿದ ಜೀಪು. ಜೀಪೆಂದು ತಿಳಿದ ಮೇಲೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಗಾಡಿ ಬಂತು. ಗಾಡಿಯವಳು ಸಿಪ್ಪೆ ಸುರಿದುಕೊಂಡು ನನ್ನ ಕೈ ನೋಡಿದಳು. "ಅಜ್ಜಿ, ತಟ್ಟೆ ಎಂತ, ಒಣ ಕಸವಾ?"

"ಅದು ನಂದು. ಮುಟ್ಬೇಡ."

ಕೋಣೆ ಉಳಿಯಿತು. ಮೊನ್ನೆ ಲೈನಿಗೆ ಹೋಗಿದ್ದೆ, ಕಮಲಾಳ ತಂಗಿ ಸೀತುವನ್ನು ನೋಡಲು. ಚಹಾದ ಜೊತೆ ಬಿಸ್ಕತ್ತು ಕೊಟ್ಟಳು. ಖಾಲಿ ಕವರು ಹಿಡಿದು ಕೂತವಳನ್ನು ನೋಡಿ, "ಅತ್ಲಾಗೆ ಎಸಿ, ಪೇಟೆಯವ್ಳಾದೆ ನೀನು," ಎಂದಳು. ಎಸೆಯಲಾಗಲಿಲ್ಲ. ಹೊರಡುವಾಗ ಹಲಸಿನಹಣ್ಣು ತಂದಿಟ್ಟಳು. ಅದನ್ನು ತರಲೂ ಆಗಲಿಲ್ಲ. ಕವರು ಮಾತ್ರ ಬಸ್ಸಿನಲ್ಲಿ ನನ್ನ ಜೊತೆ ಬಂತು.

ಈಗಲೂ ಬೆಳಿಗ್ಗೆ ಮೈಕು ಕೇಳಿದ ಕೂಡಲೇ ಕೈ ಮೊದಲು ಚಿಲಕಕ್ಕೆ ಹೋಗುತ್ತದೆ. ಆಮೇಲೆ ಚೀಲಕ್ಕೆ.