ಸೌಟು ಬಿದ್ದ ಬಂಗುಡೆ ಸಾರು

ಕಾವೂರಿನಲ್ಲಿ ಗೇಟು, ಗ್ರಿಲ್ಲು ಮಾಡಿಕೊಡುವ ವೆಲ್ಡರ್ ವಿಲ್ಲಿ ಸಿಟ್ಟಿನ ಮನುಷ್ಯ ಎಂಬುದು ಸುತ್ತಮುತ್ತ ಎಲ್ಲರಿಗೂ ಗೊತ್ತು. ಹೋದ ಕ್ರಿಸ್ಮಸ್ಸಿಗೆ, ಮಗಳ ಮನೆಯವರು ಊಟಕ್ಕೆ ತಡವಾಗಿ ಬಂದರೆಂದು ಅಳಿಯ ಲಯನೆಲ್‌ನ ಎದುರೇ ಬಟ್ಟಲು ಎತ್ತಿ ಬಿಸಾಡಿದ್ದ. ಅಂದು ಎದ್ದು ಹೋದ ಮಗಳು ಬೆನಿಟಾ ನಾಲ್ಕು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಹೆಂಡತಿ ಬ್ರೆಂಡಾ ತೀರಿಹೋಗಿ ಎರಡು ವರ್ಷ. ಮನೆಯಲ್ಲಿ ಬೈಯಬೇಕೆಂದರೂ ಜನ ಇಲ್ಲ.

ಈಸ್ಟರ್ ಕಳೆದ ಭಾನುವಾರ ತಾನೇ ಫೋನ್ ಮಾಡಿ ಊಟಕ್ಕೆ ಕರೆದ. ಈ ಒಂದು ಸಂಜೆ ಸಿಟ್ಟು ಹಿಡಿದುಕೊಂಡರೆ ಸಾಕು, ಮಗಳು ಮತ್ತೆ ಬಂದು ಹೋಗಿ ಮಾಡಿಯಾಳು.

ಸೆಕೆಯಲ್ಲಿ ಬೆವರುತ್ತಾ ಮಸಾಲೆ ಅರೆದು, ಹುಳಿಗೆ ಬಿಂಬುಳಿ ಕಾಯಿ ಹಾಕಿ, ಕುದಿಯುವ ಸಾರಿಗೆ ಬಂಗುಡೆ ಇಳಿಸಿದ. ಮೀನು ಬಿದ್ದ ಮೇಲೆ ಸೌಟು ಮುಟ್ಟಬಾರದು. ಬಟ್ಟೆ ಹಿಡಿದು ಪಾತ್ರೆಯನ್ನೇ ಮೆಲ್ಲ ಅಲ್ಲಾಡಿಸಬೇಕು. ಬ್ರೆಂಡಾ ಇದನ್ನು ಸಾವಿರ ಸಲ ಹೇಳಿದ್ದಳು.

ಅಷ್ಟರಲ್ಲಿ ಲಯನೆಲ್‌ನ ಫೋನ್. "ಮಾಂವ್, ನಂತೂರಲ್ಲಿ ರೋಡ್ ಬ್ಲಾಕ್ ಉಂಟು. ಅರ್ಧ ಗಂಟೆ ಲೇಟಾಗ್ತದೆ."

ಮತ್ತೆ ಲೇಟು! ನೆತ್ತಿಗೇರಿದ ಸಿಟ್ಟನ್ನು ವಿಲ್ಲಿ ನುಂಗಿಕೊಂಡ. "ಅಡ್ಡಿ ಇಲ್ಲ ಮಾರಾಯ, ನಿಧಾನ ಬನ್ನಿ."

ಬಾಯಿ ಸುಮ್ಮನಿತ್ತು, ಕೈ ಸುಮ್ಮನಿರಲಿಲ್ಲ. ಫೋನ್ ಇಟ್ಟು ನೋಡಿದರೆ ಬಲಗೈಯ ಸೌಟು ಪಾತ್ರೆಯೊಳಗೆ ಗರಗರ ತಿರುಗುತ್ತಿತ್ತು. ಬಂಗುಡೆ ಪುಡಿಪುಡಿ. ಸಾರಿನ ತುಂಬ ಮುಳ್ಳು.

ಬೇರೆ ಮೀನಿಗೆ ಹೊತ್ತಿರಲಿಲ್ಲ. ಅದನ್ನೇ ಬಡಿಸಿದ.

"ಸಾರು ಭಾರೀ ಲಾಯ್ಕಾಗಿದೆ ಮಾಂವ್," ಎಂದ ಲಯನೆಲ್, ಹಲ್ಲಿನ ಸಂದಿಯಿಂದ ಮುಳ್ಳು ತೆಗೆಯುತ್ತಾ.

ಏಳು ವರ್ಷದ ಮೊಮ್ಮಗಳು ಏವ್ರಿಲ್ ಬಟ್ಟಲು ಕೆದಕಿದಳು. "ಮೀನು ಎಲ್ಲಿ ಉಂಟು?"

ಬೆನಿಟಾ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು. "ಕಾರಲ್ಲಿ ಎಂತ ಹೇಳಿದ್ದೆ ನಿಂಗೆ?"

ವಿಲ್ಲಿಗೆ ಕೇಳಿಸಿತು. ಅಜ್ಜನ ಮನೆಯಲ್ಲಿ ಬಾಯಿ ಬಿಡಬಾರದೆಂದು ಮಗುವಿಗೆ ಪಾಠ ಮಾಡಿಯೇ ಕರೆತಂದಿದ್ದಾರೆ!

"ಮೀನು ಹಾಳಾಗಿದೆ. ನಾನೇ ಸೌಟು ಹಾಕಿದ್ದು," ಎಂದ.

"ಪರವಾಗಿಲ್ಲ ಪಪ್ಪಾ. ಚೆನ್ನಾಗೇ ಉಂಟು."

"ಎಂತ ಚೆನ್ನಾಗಿರುವುದು? ನಿನ್ನ ಅಮ್ಮ ಆಗಿದ್ದರೆ ನನ್ನ ಏಳು ತಲೆಮಾರು ಜಾಲಾಡುತ್ತಿದ್ದಳು! ನೀವೂ ಒಂದು ಬೈಯಿರಿ ಮಾರಾಯ್ರೆ!"

ಬೇಡಿಕೊಳ್ಳಲು ಹೊರಟ ಮಾತು ಬೊಬ್ಬೆಯಾಗಿ ಬಂತು. ಏವ್ರಿಲ್ ಅಮ್ಮನ ಮಡಿಲಿಗೆ ಸರಿದಳು. ಲಯನೆಲ್ ತಲೆ ಎತ್ತಲಿಲ್ಲ. ಬೆನಿಟಾ ಮಗಳ ಅನ್ನದಿಂದ ಒಂದೊಂದೇ ಮುಳ್ಳು ಹೆಕ್ಕಿ ಬಟ್ಟಲಿನ ಅಂಚಿಗೆ ಸಾಲಾಗಿ ಇಟ್ಟಳು.

ಎಂಟು ಗಂಟೆಗೆಲ್ಲ ಹೊರಟರು. ಬೆನಿಟಾ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಿಗ್ಗೆ ಡ್ಯೂಟಿ ಉಂಟಂತೆ.

"ಮುಂದಿನ ಭಾನುವಾರ?" ಕಾರಿನ ಕಿಟಕಿಗೆ ಬಗ್ಗಿ ವಿಲ್ಲಿ ಕೇಳಿದ.

"ಫೋನ್ ಮಾಡ್ತೇನೆ ಪಪ್ಪಾ."

ಯಾವಾಗ ಎಂದು ಕೇಳಬೇಕೆನಿಸಿತು. ಕೇಳಹೋದರೆ ಸ್ವರ ಮತ್ತೆ ಏರೀತೆಂದು ಹೆದರಿ, ಕಿಟಕಿಯಿಂದ ಕೈ ತೆಗೆದ.